ಹಾಲಿನವರು ಹಾಲೆಂಡಿಗೆ ಹೋದದ್ದು

ಬಂಗಾರಪೇಟೆ ಹತ್ತಿರ ನಮ್ಮೂರ ಹಾಲಿನ ಡೇರಿಯಲ್ಲಿ ನಾನು ಸೆಕ್ರೆಟರಿ. ಬೆಳಿಗ್ಗೆ ಸಂಜೆ ಕ್ಯಾನುಗಳ ಮಧ್ಯೆ ನಿಲ್ಲುವವನಿಗೆ ನಗುವಂಥ ಪ್ರಸಂಗಗಳಿಗೇನೂ ಬರವಿಲ್ಲ. ಆದರೆ ಅವೂ ಪಾಸ್‌ಪೋರ್ಟ್ ಮಾಡಿಸಿಕೊಂಡು ನನ್ನ ಜೊತೆ ವಿಮಾನ ಹತ್ತುತ್ತವೆ ಅಂತ ಗೊತ್ತಿರಲಿಲ್ಲ.

ಹೈನುಗಾರಿಕೆ ನೋಡಿ ಬನ್ನಿ ಅಂತ ನಮ್ಮ ಕಡೆಯ ಮೂವರನ್ನು ಎಂಟು ದಿನ ಹಾಲೆಂಡಿಗೆ ಕಳಿಸಿದರು. ಒಬ್ಬ ನಾನು. ಇನ್ನೊಬ್ಬರು ಊರಿಗೆಲ್ಲ ದೊಡ್ಡಮ್ಮ, ಆರು ಹಸುಗಳ ಒಡತಿ. ಮೂರನೆಯವರು ಚಾಂಪಿಯನ್ ರೀಫ್ಸಿನ ತಾತ, ಮನೆಮಾತು ತಮಿಳು. ಅಲ್ಲಿನ ಚಿನ್ನದ ಗಣಿ ಮುಚ್ಚುವವರೆಗೂ ನೆಲದಡಿ ದುಡಿದು, ಆಮೇಲೆ ಮನೆ ಹಿಂದೆ ಎರಡು ಹಸು ಕಟ್ಟಿಕೊಂಡವರು. ಮೂವರಿಗೂ ಸೇರಿ ನನ್ನ ಅರೆಬರೆ ಇಂಗ್ಲಿಷೇ ಗತಿ.

ಸಮುದ್ರಕ್ಕಿಂತ ಕೆಳಗೆ

ಮೊದಲ ದಿನ ವ್ಯಾನಿನಲ್ಲಿ ಹೋಗುವಾಗ ಕಣ್ಣು ಹಾಯುವಷ್ಟು ದೂರ ಹಸಿರು ಹುಲ್ಲು, ನಡುನಡುವೆ ಕಾಲುವೆ. ನೆಲ ಮಾತ್ರ ಸಾರಿಸಿದ ಕಣದ ಹಾಗೆ ಸಪಾಟು.

ದೊಡ್ಡಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಏನ್ಲಾ ಇದು, ಒಂದು ಗುಡ್ಡ ಇಲ್ಲ, ಒಂದು ಬಂಡೆ ಇಲ್ಲ. ಬಟ್ಟೆ ಎಲ್ಲಿ ಒಗೀತಾರ್ಲಾ?"

ಗೈಡ್ ಹುಡುಗಿ ವ್ಯಾನ್ ನಿಲ್ಲಿಸಿ ಹೆಮ್ಮೆಯಿಂದ ಹೇಳಿದಳು: "ನೀವೀಗ ಸಮುದ್ರಮಟ್ಟಕ್ಕಿಂತ ನಾಲ್ಕು ಮೀಟರ್ ಕೆಳಗೆ ನಿಂತಿದ್ದೀರಿ!" ನಾನು ಕನ್ನಡದಲ್ಲಿ ಹೇಳಿದೆ.

"ನಾಲ್ಕು ಮೀಟ್ರಾ?" ಅಂದರು ತಾತ. "ಸೆಕ್ರೆಟ್ರಿ ಸಾರ್, ಅಷ್ಟು ಆಳ ನಮ್ಮಲ್ಲಿ ಕಕ್ಕಸು ಗುಂಡಿ ತೋಡ್ತಾರೆ."

ಗೈಡ್ ನನ್ನ ಮುಖ ನೋಡಿದಳು. "ತುಂಬಾ ಆಶ್ಚರ್ಯಪಟ್ಟರು" ಅಂದೆ.

ನೀರು ಒಳಗೆ ನುಗ್ಗದ ಹಾಗೆ ಹಗಲೂ ರಾತ್ರಿ ಪಂಪು ಓಡುತ್ತದೆ ಅಂತ ಅವಳು ವಿವರಿಸಿದಳು. ತಾತನ ನಗು ನಿಂತಿತು. "ನಮ್ಮ ಗಣೀನೂ ಇಂಗೇ ಸಾರ್. ಪಂಪು ಓಡೋವರ್ಗೂ ಚಿನ್ನ. ನಿಲ್ಲಿಸಿದ್ರು ನೋಡಿ, ನಾವು ನಡೆದಾಡಿದ ಜಾಗಕ್ಕೆಲ್ಲ ನೀರು ತುಂಬ್ಕೊಂತು." ಆಮೇಲೆ ತಾತ ಆ ಹುಡುಗಿಯ ತಲೆ ಸವರಿ ನನಗೆ ಹೇಳಿದರು: "ಕರೆಂಟ್ ಬಿಲ್ ಮಾತ್ರ ತಪ್ಪದೆ ಕಟ್ಟೋಕೆ ಹೇಳಿ, ಪಾಪ."

ಸೂಟು ಮತ್ತು ಸೈಕಲ್ಲು

ಪೇಟೆಯಲ್ಲಿ ಸೂಟು ಹಾಕಿ ಟೈ ಕಟ್ಟಿದವರೊಬ್ಬರು ಸೈಕಲ್ ತುಳಿಯುತ್ತಾ ಹೋದರು. ಗೈಡ್‌ಗೆ ಗುರುತಿನವರಂತೆ, ಕೈ ಬೀಸಿದಳು. ಬ್ಯಾಂಕ್ ಮ್ಯಾನೇಜರ್ ಅಂದಳು.

ದೊಡ್ಡಮ್ಮ ನನ್ನ ತೋಳು ಹಿಡಿದೆಳೆದು ಪಿಸುಗುಟ್ಟಿದರು: "ಮ್ಯಾನೇಜರ್ರೇ ಸೈಕಲ್ಲು ತುಳೀತಾವ್ನೆ ಅಂದ್ರೆ ಆ ಬ್ಯಾಂಕಲ್ಲಿ ದುಡ್ಡು ಮಡಗಬ್ಯಾಡ ಅಂತ ಈ ಮಗೀಗೆ ಏಳ್ಲಾ!"

ಯಾರೂ ಇಲ್ಲದ ಅಂಗಡಿ

ಒಂದು ತೋಟದ ಮನೆಯ ಮುಂದೆ ಮೇಜು. ಮೇಲೆ ಮೊಟ್ಟೆ, ಆಲೂಗಡ್ಡೆ, ಕುಂಬಳಕಾಯಿ, ಬೆಲೆ ಬರೆದ ಚೀಟಿ, ದುಡ್ಡು ಹಾಕಲು ಒಂದು ಡಬ್ಬಿ. ಮಾರುವವರು ಮಾತ್ರ ಇಲ್ಲ. ಬೇಕಾದ್ದು ತೆಗೆದುಕೊಂಡು ನೀವೇ ದುಡ್ಡು ಹಾಕಿ ಹೋಗಬೇಕು.

ದೊಡ್ಡಮ್ಮನಿಗೆ ಕುಂಬಳಕಾಯಿ ಹಿಡಿಸಿತು. ಚೀಟಿಯಲ್ಲಿ ಮೂರು ಯೂರೋ. "ಕಮ್ಮಿ ಮಾಡು ಅಂತ ಯಾರ್ನ ಕೇಳ್ಳಿ? ಚೌಕಾಸಿ ಮಾಡ್ದೆ ತಂದ್ರೆ ಸಾರು ರುಚಿ ಬರಾಕಿಲ್ಲ" ಅಂತ ಕಾಯಿ ಕೆಳಗಿಟ್ಟರು.

ತಾತನಿಗೆ ಕನಿಕರ ಹುಟ್ಟಿತು. ಮೇಜಿನ ಆ ಬದಿಗೆ ಹೋಗಿ ನಿಂತರು. "ನಾನೇ ಅಂಗಡಿಯವನು ಅನ್ಕೋಮ್ಮ. ಕೇಳು."

"ಒಂದೂವರೆಗೆ ಕೊಡಣ್ಣ."

"ಗಿಟ್ಟಲ್ಲಮ್ಮ."

"ನಮ್ಮ ರಾಬರ್ಟ್‌ಸನ್‌ಪೇಟೆ ಸಂತೇಲಿ ಇದಕ್ಕಿಂತ ದೊಡ್ಡದು ಇಪ್ಪತ್ತು ರೂಪಾಯಿಗೆ ಬತ್ತದೆ!"

"ಅಲ್ಲೇ ಹೋಗಿ ತಗೋ."

ಇಬ್ಬರ ದನಿಯೂ ಏರಿತು. ನಾಯಿ ಬೊಗಳಿತು. ಮನೆಯೊಡತಿ ಗಾಬರಿಯಿಂದ ಓಡಿಬಂದಳು. ನಾನು ನಾಚಿಕೊಂಡೇ ಸಂಗತಿ ತಿಳಿಸಿದೆ. ಆಕೆ ಹೊಟ್ಟೆ ಹಿಡಿದು ನಕ್ಕು, ಕುಂಬಳಕಾಯಿಯನ್ನು ದೊಡ್ಡಮ್ಮನ ಮಡಿಲಿಗೇ ಇಟ್ಟು, ದುಡ್ಡು ಬೇಡವೆಂದಳು.

ತಾತ ಹಣೆ ಚಚ್ಚಿಕೊಂಡರು. "ಇನ್ನೊಂದು ನಿಮಿಷ ಸುಮ್ನಿದ್ದಿದ್ರೆ ಮೂರಕ್ಕೇ ಒಪ್ಪಿಸ್ತಿದ್ದೆ. ವ್ಯಾಪಾರ ಕೆಡಿಸಿಬಿಟ್ಟಳು ಮಹಾತಾಯಿ!"

ಹಸುವಿಗೆ ಹೇಳಿದ ಮಾತು

ಊರಿಂದ ಹೊರಡುವ ಮುಂಚೆ ಅಧಿಕಾರಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದ್ದರು: "ಓದು ಬರದ ಹೆಂಗಸನ್ನ ಕರ್ಕೊಂಡು ಹೋಗ್ತಿದ್ದೀರಿ. ಒಂದೇ ಒಂದು ದೂರು ಬಂದರೂ ಮುಂದಿನ ಸಲ ಹಳ್ಳಿ ಹೆಂಗಸರನ್ನ ಕಳಿಸಲ್ಲ." ಊರಲ್ಲಿ ಹತ್ತು ಹೆಂಗಸರು ಸರದಿಗೆ ಕಾಯುತ್ತಿದ್ದರು.

ಕೊನೆಯ ದಿನ ನೋಡಿದ ಕೊಟ್ಟಿಗೆಯಲ್ಲಿ ಹಾಲು ಕರೆಯುವುದು ಯಂತ್ರ. ಹಸು ತಾನಾಗಿ ಬಂದು ನಿಲ್ಲುತ್ತದೆ, ಯಂತ್ರ ಕೆಚ್ಚಲು ತೊಳೆದು ಹಾಲು ಕರೆಯುತ್ತದೆ, ಬಾಗಿಲು ತೆರೆಯುತ್ತದೆ, ಹಸು ಹೋಗುತ್ತದೆ. ಮನುಷ್ಯರ ಸುಳಿವೇ ಇಲ್ಲ. ನಾನು ಮತ್ತು ಕೊಟ್ಟಿಗೆಯ ರೈತ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ನೋಡುತ್ತಿದ್ದೆವು. ಇದ್ದಕ್ಕಿದ್ದಂತೆ ಅವನ ಫೋನು ಕಿರುಚಿತು, ಯಂತ್ರ ನಿಂತಿದೆ ಅಂತ. ಇಬ್ಬರೂ ಓಡಿದೆವು.

ಯಂತ್ರದ ಬಾಗಿಲು ತೆರೆದೇ ಇದೆ. ಹಸು ಮಾತ್ರ ಕತ್ತು ನೀಡಿ, ಕಣ್ಣು ಮುಚ್ಚಿ ನಿಂತಿದೆ. ದೊಡ್ಡಮ್ಮ ಅದರ ಕತ್ತಿನಡಿ ಜೋಲುವ ಗಂಗೆದೊಗಲು ತುರಿಸುತ್ತಾ ಏನೋ ಹೇಳುತ್ತಿದ್ದಾರೆ, ಪಕ್ಕದಲ್ಲಿ ತಾತ. ಹಿಂದೆ ಹನ್ನೆರಡು ಹಸುಗಳ ಸಾಲು, ಅಂಬಾ ಅನ್ನುತ್ತಿವೆ. ಊರಲ್ಲಿ ಕಾಯುತ್ತಿದ್ದ ಹೆಂಗಸರ ಮುಖಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಕೈ ಮುಗಿದು ಕ್ಷಮೆ ಕೇಳಲು ಬಾಯಿ ತೆರೆದೆ.

ರೈತ ಫೋನಿನ ಸದ್ದು ಅಡಗಿಸಿ ಹಸುವಿನ ಹತ್ತಿರ ಬಂದ. ಆಮೇಲೆ ಮೆಲ್ಲಗೆ ಅಂದ: "ಇದು ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಹಸು. ಮುಂದಿನ ಸಲ ಇಂಥವರನ್ನು ಇನ್ನೂ ಹತ್ತು ಜನ ಕಳಿಸಿ. ಅಂದಹಾಗೆ, ಇವರು ಅದಕ್ಕೆ ಏನು ಹೇಳುತ್ತಿದ್ದಾರೆ?"

ನನಗೆ ಹೋದ ಜೀವ ಬಂತು. ದೊಡ್ಡಮ್ಮನನ್ನು ಕೇಳಿದೆ. ತುರಿಸುವುದನ್ನು ನಿಲ್ಲಿಸದೆಯೇ ಅವರು ಸಿಡುಕಿದರು:

"ಇನ್ನೇನ್ಲಾ ಏಳ್ಲಿ? ಇಂದೆ ಕ್ಯೂ ಐತೆ, ಓಗಮ್ಮ ಅಂತ ಕನ್ನಡದಾಗೆ ಏಳ್ದೆ. ಪೋ ತಲ್ಲೀ ಅಂತ ತೆಲುಗ್ನಾಗೆ ಏಳ್ದೆ. ಈ ಅಣ್ಣನ್ ಕೈಲಿ ತಮಿಳ್ನಾಗೂ ಏಳುಸ್ದೆ. ಮೂರು ಭಾಸೇನೂ ಬರಾಕಿಲ್ಲ ಅಂದ್ರೆ, ಈ ಅಸ ಅದ್ಯಾವ ಊರುದ್ಲಾ?"