ಮಾಳಿಗೆಯ ಪ್ರಾರ್ಥನೆ, ನೇರ ಪ್ರಸಾರ

ಸಿಟ್ಟು ಬಂದಾಗ ನಾವು ಯಾವ ಭಾಷೆಯಲ್ಲಿ ಗೊಣಗುತ್ತೇವೆ ಎಂಬುದರ ಮೇಲೆ ಸಂಸಾರದ ನೆಮ್ಮದಿ ನಿಂತಿರುತ್ತದೆ. ನಾನು ಇಂಗ್ಲಿಷಿನಲ್ಲಿ ಗೊಣಗುವವಳು. ಸಿಟ್ಟು ಬಂದರೆ ಯಾರನ್ನೂ ಬೈಯಬೇಡಿ, ದೇವರಿಗೇ ಹೇಳಿ ಎಂದು ಕಾನ್ವೆಂಟಿನ ಸಿಸ್ಟರ್ ಒಬ್ಬರು ಕಲಿಸಿದ್ದರು. ಹಾಗಾಗಿ ನನ್ನ ಗೊಣಗಾಟವೆಲ್ಲ ‘ಓ ಲಾರ್ಡ್’ ಎಂದೇ ಆರಂಭ. ಇಂಗ್ಲಿಷ್ ಬಾರದ ಅತ್ತೆಯೊಂದಿಗೆ ಈ ಏರ್ಪಾಡು ಚೆನ್ನಾಗಿಯೇ ನಡೆದಿತ್ತು.

ಕೆಡಿಸಿದ್ದು ಸಂಡಿಗೆ. ಬೇಸಿಗೆ ಬಂತೆಂದರೆ ವಿನೋಬನಗರದ ನಮ್ಮ ಮಾಳಿಗೆಯ ತುಂಬ ಹಳೆ ಸೀರೆ ಹಾಸಿ ಅಕ್ಕಿ ಸಂಡಿಗೆ, ಅದಕ್ಕೆ ಪಾರಿವಾಳದ ಕಾಟ. ಮೊಣಕಾಲು ನೋವಿನ ಅತ್ತೆಗೆ ಮೆಟ್ಟಿಲು ಹತ್ತಲಾಗದು. ನಾನು ಕಾಯುತ್ತೇನೆಂದರೆ ನಂಬಿಕೆ ಸಾಲದು. ಕೊನೆಗೆ ನಮ್ಮ ಯಜಮಾನರು ಉಪಾಯ ಹೂಡಿದರು. ಗಾಜು ಬಿರುಕುಬಿಟ್ಟ ಹಳೆಯ ಫೋನನ್ನು ಬಟ್ಟೆ ಹಗ್ಗದ ಕಂಬಕ್ಕೆ ಕಟ್ಟಿ, ಬಿಸಿಲಿಗೆ ಕಾಯದಂತೆ ಮೇಲೊಂದು ಛತ್ರಿ ಬಿಗಿದು, ವೈಫೈ ಡಬ್ಬಿಯನ್ನು ಮೆಟ್ಟಿಲ ಕಿಟಕಿಗೆ ಸರಿಸಿದರು. ತಂತಿಯೇ ಇಲ್ಲದೆ ಮಾಳಿಗೆಯ ಸಂಡಿಗೆ ನಡುಮನೆಯ ಲ್ಯಾಪ್‌ಟಾಪಿನಲ್ಲಿ ಮೂಡಿತು. ಪಾರಿವಾಳವೊಂದು ಕತ್ತು ಕುಣಿಸುತ್ತ ಬಂದು ನಮ್ಮನ್ನೇ ಇಣುಕಿತು. ಅತ್ತೆ ಲ್ಯಾಪ್‌ಟಾಪಿಗೆ ಸೆರಗು ಬೀಸಿ ‘ಹುಶ್’ ಎಂದರು.

ಇನ್ನು ನಾನು ಬಿಸಿಲಲ್ಲಿ ಕೂರಬೇಕಿಲ್ಲ ಎಂದುಕೊಂಡಿದ್ದೆ. ಕೂರಲಿಲ್ಲ, ನಿಜ, ಓಡಿದೆ. ಅತ್ತೆ ಧಾರಾವಾಹಿಯನ್ನೂ ಬಿಟ್ಟು ಸಂಡಿಗೆಯನ್ನೇ ನೋಡತೊಡಗಿದರು. ಮೂಲೆಯದು ಇನ್ನೂ ಹಸಿ ಐತೆ, ಸೀರೆ ಅಂಚು ಮಡಚೈತೆ, ಹೋಗಿ ಸರಿಮಾಡು ಎಂದು ಕೂತಲ್ಲಿಂದಲೇ ಅಪ್ಪಣೆ.

ಹರಿಹರದಿಂದ ನಾದಿನಿ ಬಂದ ದಿನ ಅಂಥದೇ ಒಂದು ಅಪ್ಪಣೆಗೆ ಬರಿಗಾಲಲ್ಲಿ ಓಡಿ, ಕಾದ ನೆಲದ ಮೇಲೆ ಕುಣಿಯುತ್ತ ಗೊಣಗಿದೆ: “ಓ ಲಾರ್ಡ್, ಪ್ಲೀಸ್ ಗಿವ್ ಮೈ ಮದರ್-ಇನ್-ಲಾ ಸಮ್ ಅದರ್ ವರ್ಕ್.” ಅತ್ತೆಗೆ ಬೇರೆ ಏನಾದರೂ ಕೆಲಸ ಕೊಡಪ್ಪಾ ಎಂದಷ್ಟೇ. ಆಮೇಲೂ ನಾಲ್ಕು ಮಾತು ಸೇರಿಸಿದ್ದುಂಟು. ಅವು ಇಲ್ಲಿ ಬೇಡ. ತಲೆಯೆತ್ತಿದರೆ ಛತ್ರಿಯ ಕೆಳಗೆ ಫೋನಿನ ಕಣ್ಣು ನನ್ನನ್ನೇ ನೋಡುತ್ತಿತ್ತು. ಕಣ್ಣಿದ್ದದ್ದಕ್ಕೆ ಕಿವಿಯೂ ಇರಬಹುದೆಂದು ಹೊಳೆದದ್ದು ಆಗ. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು: ನಾದಿನಿ ಹರಿಹರದ ಶಾಲೆಯಲ್ಲಿ ಕಲಿಸುವುದೇ ಇಂಗ್ಲಿಷ್.

ಒಂದೊಂದೇ ಮೆಟ್ಟಿಲು ಇಳಿದೆ. ಇಷ್ಟು ವರ್ಷ ‘ನಮ್ಮ ಸುಮಾ ಒಂದು ಮಾತು ಎದುರಾಡಾಕಿಲ್ಲ’ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದ ಅತ್ತೆಯ ಮುಖ ಹೇಗೆ ನೋಡಲಿ? ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಬಾ ಸುಮಾ, ಕೂಡು. ಅಷ್ಟು ಬಿಸಿಲಾಗ ನಿಂತು ನನ್ನ ಮೊಣಕಾಲಿಗೆ ಬೇಡ್ಕೊಂಡ್ಯಂತಲ್ಲೇ. ಮದರಿನ್ಲಾ ಅಂದದ್ದು ನಂಗೂ ತಿಳೀತು ಬಿಡು.”

ನಾದಿನಿ ತಲೆತಗ್ಗಿಸಿ ಮಂಡಕ್ಕಿ ತಿನ್ನುತ್ತಿದ್ದಳು. ಅಡುಗೆಮನೆಗೆ ಬಂದು ಮೆಲ್ಲಗೆ, “ಅವ್ವ ಅರ್ಥ ಕೇಳಿದ್ಲು ಅತ್ತಿಗೆ. ನಿನ್ನ ಮೊಣಕಾಲಿಗಾಗಿ ಪ್ರಾರ್ಥನೆ ಅಂದೆ. ಲಾರ್ಡ್ ಇತ್ತಲ್ರಿ, ಪೂರಾ ಸುಳ್ಳಲ್ಲ,” ಎಂದಳು. ಬಿಸಿಲಿನಿಂದ ಬಂದವಳಿಗೆ ಮಜ್ಜಿಗೆ ಕೊಟ್ಟಷ್ಟು ತಂಪಾಯಿತು. ಅವಳ ಡಬ್ಬಿಗೆ ಸಂಡಿಗೆ ಒತ್ತಿ ಒತ್ತಿ ತುಂಬಿದೆ. ಇನ್ನೂ ಸ್ವಲ್ಪ ಜಾಗ ಐತೆ ನೋಡ್ರಿ ಎಂದು ಅವಳು ಡಬ್ಬಿ ಕುಲುಕಿದಳು.

ಆ ಸಲದ ಸಂಡಿಗೆ ಎಣ್ಣೆಗೆ ಬಿದ್ದದ್ದೇ ಹೂವಿನಂತೆ ಅರಳಿತು. ಪ್ರಾರ್ಥನೆಯ ಫಲ ಎಂದು ಅತ್ತೆ ತೀರ್ಮಾನಿಸಿದರು. ಈಗ ಸಂಡಿಗೆ ಹಾಕಿದಾಗಲೆಲ್ಲ ನಾನು ಛತ್ರಿಯ ಮುಂದೆ ಕೈಮುಗಿದು ನಿಲ್ಲಬೇಕು. ಅವರು ಕೆಳಗೆ ಲ್ಯಾಪ್‌ಟಾಪಿನ ಮುಂದೆ ಕೈಮುಗಿದು ಕೂರುತ್ತಾರೆ. ಶಾಲೆಯಲ್ಲಿ ಊಟಕ್ಕೆ ಮುಂಚೆ ಹೇಳುತ್ತಿದ್ದ ಪ್ರಾರ್ಥನೆಯನ್ನೇ ಗಟ್ಟಿಯಾಗಿ ಒಪ್ಪಿಸುತ್ತೇನೆ. ನಿನ್ನೆ ಅದು ಮುಗಿದ ಮೇಲೆ, ಹಳೆಯ ಗೊಣಗಾಟವನ್ನೂ ದನಿಯಿಲ್ಲದೆ ಒಂದಿಷ್ಟು ಸೇರಿಸಿದೆ.

ಕೆಳಗಿಳಿದರೆ ಅತ್ತೆ ಕನ್ನಡಕ ಒರೆಸುತ್ತ ಕೇಳಿದರು, “ಕಡೀಕೆ ಬರೇ ತುಟಿ ಅಲ್ಲಾಡ್ತು. ಅದೇನು ಅಂದಿ, ಸ್ವಲ್ಪ ಗಟ್ಟಿಯಾಗಿ ಹೇಳು?”