ಮಂಡಿಯಣ್ಣ ಕುರ್ಚಿಯಿಂದ ಎದ್ದದ್ದು

ಎಲ್ಲ ಗೋಳಿಗೂ ಕಾರಣ ಒಂದು ಕಿರ್ ಸದ್ದು. ದೊಡ್ಡ ಬಂಗಲೆಯ ಅಮ್ಮನವರ ಕುರ್ಚಿ ಕೂತಾಗಲೆಲ್ಲ ಕಿರ್ ಎನ್ನುತ್ತಿತ್ತು. ಬೆಳಿಗ್ಗೆ ಅವರ ಡ್ರೈವರ್ ಅದನ್ನು ವ್ಯಾನಿನಲ್ಲಿ ತಂದು ಸೋಫಾ ರಿಪೇರಿಯವನ ಅಂಗಡಿಯಲ್ಲಿ ಇಳಿಸಿ ಹೋದ.

ಆ ರಿಪೇರಿಯವನನ್ನು ಬೀದಿಯವರೆಲ್ಲ ಮಂಡಿಯಣ್ಣ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಕುರ್ಚಿಗಳ ಮುಂದೆ ಮಂಡಿಯೂರುವುದು, ಸಂಜೆ ಚರ್ಚಿನ ಗಂಟೆ ಹೊಡೆದರೆ ಆಲಯದಲ್ಲಿ ಮಂಡಿಯೂರುವುದು, ಇಷ್ಟೇ ಅವನ ಬಾಳು. ಅವನ ಪ್ಯಾಂಟುಗಳೆಲ್ಲ ಮಂಡಿಯ ಹತ್ತಿರವೇ ಮೊದಲು ಹರಿಯುತ್ತಿದ್ದವು. ಸಂಜೆಯ ಪ್ರಾರ್ಥನೆ ಬರೀ ಅಭ್ಯಾಸವಲ್ಲ. ಹಿಂದೊಮ್ಮೆ ಹೆಂಡತಿ ಜ್ವರದಲ್ಲಿ ಮಲಗಿ ಡಾಕ್ಟರೇ ಕೈಚೆಲ್ಲಿದಾಗ, "ಕರ್ತನೇ, ಇವಳನ್ನ ಉಳಿಸಿಕೊಡು. ಉಸಿರಿರೋ ತನಕ ದಿನಾ ಸಂಜೆ ನಿನ್ನ ಮುಂದೆ ಮಂಡಿಯೂರ್ತೀನಿ" ಎಂದು ಮಾತು ಕೊಟ್ಟಿದ್ದ. ಬೆಳಗಾಗುವಷ್ಟರಲ್ಲಿ ಆಕೆ ಎದ್ದು ಕೂತು, ಮನೆಯ ಕಸ ಗುಡಿಸಿಲ್ಲವೆಂದು ಅವನನ್ನೇ ಬೈದಿದ್ದಳು. ಅಂದಿನಿಂದ ಒಂದು ಸಂಜೆಯೂ ತಪ್ಪಿರಲಿಲ್ಲ.

ಕಿರ್ ಸದ್ದು ಎಲ್ಲಿಂದ ಬರುತ್ತದೆಂದು ತಿಳಿಯಲು ರಿಪೇರಿಯವನು ತಾನೇ ಕೂತು, ಅತ್ತಿತ್ತ ವಾಲಿ, ಕಿವಿಗೊಡಬೇಕು. ಬೇರೆ ದಾರಿಯಿಲ್ಲ. ಮಂಡಿಯಣ್ಣ ಕೂತ.

ಕೂತವನ ಬಾಯಿ ತಾನಾಗಿ ತೆರೆದುಕೊಂಡಿತು. ಕೆಂಪು ಮಖಮಲ್ಲು ಅವನನ್ನು ಮೆಲ್ಲಗೆ ಒಳಗೆ ಎಳೆದುಕೊಂಡಿತು. ಬೆನ್ನಿಗೆ ಎಲ್ಲಿ ನೋವಿತ್ತೋ ಅಲ್ಲೇ ಯಾರೋ ಅಂಗೈ ಇಟ್ಟಂತಾಯಿತು. ಜೀವಮಾನವೆಲ್ಲ ಪರರ ಆಸನ ಹೊಲಿದು ತಾನು ಮೂರು ಕಾಲಿನ ಸ್ಟೂಲಿನಲ್ಲಿ ಕೂತ ಮನುಷ್ಯ ಅವನು. ಭೂಮಿಯ ಮೇಲೆ ಇಂಥದ್ದೊಂದು ಸುಖ ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಿಸಿ ಬಾಣಲೆಗೆ ಬಿದ್ದ ಬೆಣ್ಣೆಯಂತೆ ಕರಗಿಹೋದ.

ಒಂದು ಸ್ಪ್ರಿಂಗು ಸಡಿಲವಾಗಿತ್ತು. ಮಖಮಲ್ಲಿನ ಅಂಚು ಬಿಚ್ಚಿ, ಮೇಲಿನಿಂದಲೇ ಬಿಗಿದು ಕಟ್ಟಿ, ಮತ್ತೆ ಹೊಲಿದ. ಸದ್ದು ನಿಂತಿತು. ನಿಂತಿದೆಯೋ ಇಲ್ಲವೋ ನೋಡಲು ಮತ್ತೆ ಕೂತ. ನಿಂತಿದೆಯೆಂದು ಗೊತ್ತಾದ ಮೇಲೂ ಕೂತ.

ಪಕ್ಕದ ಅಂಗಡಿಯ ಕ್ಷೌರಿಕ ಇಣುಕಿದ. "ಏನಣ್ಣ, ಮದುಮಗನ ಥರ ಕೂತಿದ್ದೀಯ?"

"ಟೆಸ್ಟ್ ಮಾಡ್ತಿದ್ದೀನಿ."

"ಕಣ್ಣು ಮುಚ್ಚಿಕೊಂಡು? ಏಳು, ನಾನೂ ಟೆಸ್ಟ್ ಮಾಡ್ತೀನಿ."

ಕುರ್ಚಿಯ ಹಿಂದೆ ನಿಂತು ನಿಂತೇ ಕೂದಲು ನರೆತವನು ಈ ಕ್ಷೌರಿಕ. ಕೂತ ಕೂಡಲೇ ಅವನ ಮುಖದ ಗೆರೆಗಳೆಲ್ಲ ಇಸ್ತ್ರಿ ಮಾಡಿದಂತೆ ಮಾಯವಾದವು. ಧ್ವನಿಯೂ ಬದಲಾಯಿತು. "ಆ ಕಿಟಕಿ ತೆಗಿ. ಕುಡಿಯೋಕೆ ನೀರು ತಗೊಂಡು ಬಾ."

"ನಾನೇನು ನಿನ್ನ ಆಳಾ?" ಎನ್ನುತ್ತಲೇ ಮಂಡಿಯಣ್ಣ ಕಿಟಕಿ ತೆಗೆದ. ನೀರನ್ನೂ ತಂದ. ಆ ಕುರ್ಚಿಯಲ್ಲಿ ಕೂತವರ ಗತ್ತೇ ಹಾಗಿತ್ತು.

ಅತ್ತ ಕ್ಷೌರಿಕನ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯೊಬ್ಬ ಕೂಗಿ ಕೂಗಿ ಸಾಕಾಗಿ ಇಲ್ಲಿಗೇ ಬಂದ. ಬೈಯಲೆಂದು ಬಂದವನು ಕುರ್ಚಿಯನ್ನು ನೋಡಿ, ಕೆನ್ನೆಯ ನೊರೆ ಒರೆಸಿಕೊಂಡು, "ಇವರಾದ ಮೇಲೆ ನಾನು" ಎಂದ.

ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಇಬ್ಬರನ್ನೂ ಹೊರಗಟ್ಟಿದಳು. "ಗಂಡಸರಿಗೆ ಕೂರೋಕೆ ಒಂದು ಜಾಗ ಸಿಕ್ಕರೆ ಸಾಕು!"

"ನೀನೂ ಒಂದ್ಸಲ ಕೂತು ನೋಡೇ" ಎಂದ ಮಂಡಿಯಣ್ಣ.

"ನಾನು ಕುರ್ಚಿ ಕಾಣದವಳಾ? ಮನೇಲಿ ರಾಶಿ ಕೆಲಸ ಬಿದ್ದಿದೆ" ಎಂದು ಮೂಗು ಮುರಿದು ಹೋದಳು.

ಸ್ವಲ್ಪ ಹೊತ್ತಿಗೆ ಡ್ರೈವರ್ ಬಂದ. "ಆಯ್ತಾ ಅಣ್ಣ? ಸಂಜೆ ಪ್ರಾರ್ಥನೆ ಮುಗಿಸಿ ಅಯ್ಯನವರು ಬಂಗಲೆಗೆ ಬರ್ತಾರೆ. ಅಷ್ಟರಲ್ಲಿ ಕುರ್ಚಿ ಬೇಕಂತೆ."

ಅಯ್ಯನವರೆಂದರೆ ಆಲಯದ ಪಾದ್ರಿ. ಮಂಡಿಯಣ್ಣನ ಕೈ ಮಖಮಲ್ಲಿನ ಮೇಲೆ ಬಿಗಿಯಿತು. ಬಾಯಿ ತಾನೇ ಹೇಳಿತು: "ಆಗಿಲ್ಲಪ್ಪ. ಒಳಗೆ ಎಲ್ಲಾ ಹಾಳಾಗಿದೆ. ಒಂದು ವಾರ ಬೇಕು."

ಡ್ರೈವರ್ ಹೋದ. ಮಂಡಿಯಣ್ಣನ ಎದೆ ಢವಢವ ಹೊಡೆದುಕೊಂಡಿತು. ಅದನ್ನು ಸಮಾಧಾನಪಡಿಸಲು ಎಲ್ಲಿ ಕೂತ? ಅಲ್ಲೇ.

ಸಂಜೆ ಆಲಯದ ಗಂಟೆ ಹೊಡೆಯಿತು. ಮಂಡಿಯಣ್ಣ ಏಳಲಿಲ್ಲ. ಕಾಲುಗಳಿಗೆ ಹೇಳಿದ, ಅವು ಕೇಳಲಿಲ್ಲ. ನಾಳೆ ಎರಡರಷ್ಟು ಪ್ರಾರ್ಥನೆ ಮಾಡಿದರಾಯಿತು ಎಂದು ಮನಸ್ಸು ಲಂಚ ಕೊಡಲು ನೋಡಿತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ತಲೆಗೆ ಸೆರಗು ಹೊದ್ದು, ಆಲಯಕ್ಕೆ ಹೊರಟವಳು. "ರೀ, ಗಂಟೆ ಹೊಡೀತು."

"ಕೇಳಿಸ್ತು."

ಆಕೆ ಬೈಯಲಿಲ್ಲ. ಅವಳು ಬೈಯದೆ ಇದ್ದುದಕ್ಕೇ ಅವನಿಗೆ ಹೆದರಿಕೆಯಾಯಿತು. "ನನ್ನ ಉಸಿರು ಉಳಿಯಲಿ ಅಂತ ಕೊಟ್ಟ ಮಾತಲ್ವಾ ಅದು?" ಎಂದಷ್ಟೇ ಹೇಳಿ, ಒಬ್ಬಳೇ ನಡೆದಳು.

ಮಂಡಿಯಣ್ಣ ಬೆವರಿದ. ಕೈಯಲ್ಲಿದ್ದ ಹೊಲಿಗೆಯ ದೊಡ್ಡ ಸೂಜಿ ಜಾರಿ ಕುರ್ಚಿಯ ಕೆಳಗೆ ಉರುಳಿತು. ಹಾಳಾದ್ದು ಎಂದು ಬಗ್ಗಿದ. ಬಗ್ಗಿದ್ದು ಸಾಲದೆ ಇಳಿದ. ಇಳಿದು ಮಂಡಿಯೂರಿದ. ದೀಪ ಹಿಡಿದು ತಲೆಯನ್ನು ನೆಲಕ್ಕೆ ತಾಗಿಸಿ ಕುರ್ಚಿಯ ಅಡಿಯನ್ನು ನೋಡಿದ.

ಮೇಲಿನ ಮಖಮಲ್ಲಿನ ಬೆಡಗಿಗೂ ಕೆಳಗಿನದಕ್ಕೂ ಸಂಬಂಧವೇ ಇರಲಿಲ್ಲ. ಹರಕು ಗೋಣಿ, ತುಕ್ಕು ಹಿಡಿದ ಮೊಳೆ, ಜೇಡರ ಬಲೆ. ಮರದ ಅಡ್ಡಪಟ್ಟಿಯ ಮೂಲೆಯಲ್ಲಿ, ಉಳಿಯ ತುದಿಯಿಂದ ಕೊರೆದ ಒಂದು ಪುಟ್ಟ ಶಿಲುಬೆ.

ಮಂಡಿಯಣ್ಣ ಉಸಿರು ಹಿಡಿದ. ಯಾವ ಕಾಲದಲ್ಲೋ, ಈ ಕುರ್ಚಿಯನ್ನು ಕೂಡಿಸಿದ ಯಾವನೋ ಬಡಗಿ ಇದೇ ರೀತಿ ನೆಲಕ್ಕೆ ಬಗ್ಗಿ ಅದನ್ನು ಕೊರೆದಿದ್ದ. ಕೂತವರು ಯಾರಿಗೂ ಅದು ಕಾಣಿಸಿರಲಾರದು. ಎಷ್ಟು ದೊಡ್ಡವರು ಕೂತು ಎದ್ದು ಹೋದರೋ, ಒಬ್ಬರಿಗೂ ಗೊತ್ತಿಲ್ಲ. ಮಂಡಿಯೂರಿದವನಿಗೆ ಮಾತ್ರ ಕಾಣುವಂತೆ ಅದು ಇಷ್ಟು ಕಾಲ ಕತ್ತಲಲ್ಲಿ ಕಾದಿತ್ತು. ಮೈಯೆಲ್ಲ ಜುಮ್ಮೆಂದಿತು. ತನ್ನನ್ನು ಹುಡುಕಿಕೊಂಡು ಕರ್ತನೇ ಕುರ್ಚಿಯ ಕೆಳಗೆ ಇಳಿದು ಬಂದನೇ? ಅವನ ಕಣ್ಣೀರು ದೂಳಿನ ಮೇಲೆ ಟಪ್ಪೆಂದು ಬಿತ್ತು. ಅಲ್ಲೇ ಪ್ರಾರ್ಥಿಸಿದ.

ಎದ್ದಾಗ ಮಂಡಿಯಣ್ಣ ಬೇರೆ ಮನುಷ್ಯನಾಗಿದ್ದ. ಸೂಜಿ ಸಿಕ್ಕಿರಲಿಲ್ಲ, ಅದು ಬೇರೆ ವಿಷಯ. ಕುರ್ಚಿಯನ್ನು ತಳ್ಳುಗಾಡಿಗೆ ಏರಿಸಿ ಹೊರಟ.

ಕ್ಷೌರಿಕ ಗಾಡಿಯ ಚಕ್ರ ಹಿಡಿದುಕೊಂಡ. "ಅಣ್ಣ, ನಾಳೆ ಕೊಡು! ಇನ್ನೊಂದೇ ಒಂದ್ಸಲ!"

"ಬಿಡೋ ದರಿದ್ರದವನೇ! ಮರುಳು ಮಾಡೋ ಸೈತಾನನ ಶೋಧನೆ ಇದು!"

"ಅದಕ್ಕೇ ಕೇಳ್ತಿರೋದು!"

ಮಂಡಿಯಣ್ಣ ಅವನನ್ನು ತಳ್ಳಿ ಬಂಗಲೆಗೆ ಓಡಿದ. ಅಮ್ಮನವರೂ ಪಾದ್ರಿಗಳೂ ಹಜಾರದಲ್ಲಿ ಗಟ್ಟಿ ಬೆಂಚಿನ ಮೇಲೆ ಕೂತಿದ್ದರು. ಅವನು ಏದುಸಿರು ಬಿಡುತ್ತಾ ಎಲ್ಲವನ್ನೂ ಒದರಿದ: ಕೂತದ್ದು, ಸುಳ್ಳು ಹೇಳಿದ್ದು, ಗಂಟೆ ಕೇಳಿಯೂ ಏಳದಿದ್ದದ್ದು, ಶಿಲುಬೆ ಕಂಡದ್ದು, ಎದ್ದದ್ದು.

ಪಾದ್ರಿಗಳು ಮೆಲ್ಲಗೆ ಮೇಲೆದ್ದರು. ಅವರ ಕಣ್ಣು ತೇವವಾಗಿತ್ತು. "ನಿನ್ನಷ್ಟಕ್ಕೆ ನೀನೇ ಎದ್ದೆಯಾ? ಯಾರೂ ಎಳೆಯದೆ?"

"ಹೌದು ಅಯ್ಯನವರೇ."

"ಎಂಥಾ ಕೃಪೆ!" ಎಂದು ಅಮ್ಮನವರು ಕೈ ಜೋಡಿಸಿದರು. "ನಮ್ಮ ಯಜಮಾನರು ಇದರಲ್ಲಿ ಕೂತ ಮೇಲೆ ಆಲಯದ ಮುಖ ನೋಡಲಿಲ್ಲ. ಆಮೇಲೆ ನಾನು ಕೂತೆ, ನನಗೂ ಅದೇ ಗತಿ. ಇದು ನನ್ನ ಮನೇಲಿರೋದೇ ಬೇಡ, ರಿಪೇರಿ ಮಾಡಿಸಿ ಅಯ್ಯನವರಿಗೇ ಕೊಟ್ಟುಬಿಡೋಣ ಅಂದುಕೊಂಡೆ. ಅವರು ಬೇಡ ಅಂತ ಹೇಳೋಕೇ ಬಂದಿದ್ದಾರೆ."

ಪಾದ್ರಿಗಳು ಕೆಮ್ಮಿದರು. "ಹೋದ ಸಲ ಬಂದಾಗ ಒಂದು ಗಳಿಗೆ ಕೂತೆ. ರೋಗಿಯ ಮನೆಗೆ ಪ್ರಾರ್ಥನೆಗೆ ಹೋಗಬೇಕಾಗಿದ್ದವನು ಕತ್ತಲಾದ ಮೇಲೆ ಎದ್ದೆ. ಅದೂ ಇವರು ಅಲ್ಲಾಡಿಸಿ ಎಬ್ಬಿಸಿದ್ದಕ್ಕೆ. ನೀನು ಬರೋ ಮೊದಲು ಒಡೆದು ಹಾಕೋಣ ಅಂತಿದ್ದೆವು. ಶಿಲುಬೆ ಇದೆ ಅಂದಮೇಲೆ ಒಡೆಯೋ ಹಾಗಿಲ್ಲ." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಮಂಡಿಯಣ್ಣನನ್ನು ನೋಡಿದರು.

"ಬೇಡ" ಎಂದ ಮಂಡಿಯಣ್ಣ, ಯಾರೂ ಏನೂ ಕೇಳುವ ಮೊದಲೇ.

"ಇದನ್ನ ಗೆದ್ದವನು ನೀನೊಬ್ಬನೇ" ಎಂದರು ಪಾದ್ರಿಗಳು, ಅವನ ತಲೆಯ ಮೇಲೆ ಕೈಯಿಟ್ಟು. "ಇನ್ಯಾರ ಕೈಗೆ ಕೊಡಲಿ? ಉಸಿರಿರೋ ತನಕ ನಿನ್ನ ಮನೇಲೇ ಇರಲಿ. ಆಮೆನ್."

ಅಮ್ಮನವರು ಇನ್ನೂ ಗಟ್ಟಿಯಾಗಿ ಆಮೆನ್ ಎಂದರು.

ಮಂಡಿಯಣ್ಣ ಗಾಡಿ ತಳ್ಳಿಕೊಂಡು ಮನೆಗೆ ಬಂದ. ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಆಕೆ ಶಿಲುಬೆಯನ್ನು ಬಗ್ಗಿ ನೋಡಿ, ಕೈಮುಗಿದು, ಕಣ್ಣೊರೆಸಿಕೊಂಡಳು. ನಿಂತು ನಿಂತು ಕಾಲು ನೋಯುತ್ತಿದೆ ಎಂದು ಒಂದೇ ನಿಮಿಷಕ್ಕೆ ಕೂತಳು.

ಮರುದಿನ ಸಂಜೆ ಗಂಟೆ ಹೊಡೆಯಿತು.

"ಏಳೇ, ಆಲಯಕ್ಕೆ ಹೊತ್ತಾಯ್ತು" ಎಂದ ಮಂಡಿಯಣ್ಣ.

"ಕೇಳಿಸ್ತು" ಎಂದಳು ಆಕೆ, ಕಣ್ಣು ತೆರೆಯದೆ.

ಮಂಡಿಯಣ್ಣನಿಗೆ ದಾರಿ ಕಾಣಲಿಲ್ಲ. ಅವಳಿಗಾಗಿ ಬೇಡಿಕೊಳ್ಳಲು ಕುರ್ಚಿಯ ಮುಂದೆ, ಶಿಲುಬೆ ಕಾಣುವಷ್ಟು ತಲೆ ಬಗ್ಗಿಸಿ ಮಂಡಿಯೂರಿದ. "ಕರ್ತನೇ..."

ಮೇಲಿನಿಂದ ಗತ್ತಿನ ಧ್ವನಿ ಬಂತು: "ರೀ, ಹೇಗೂ ಬಗ್ಗಿದ್ದೀರಿ. ನನ್ನ ಚಪ್ಪಲಿ ಕುರ್ಚಿ ಕೆಳಗೆ ಹೋಗಿದೆ, ಎತ್ತಿಕೊಡಿ."