ಗೋಡೆ ಮುಟ್ಟುವ ಕಾಕಾ

ನಮ್ಮ ಕಾಕಾ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಯಜಮಾನನನ್ನಲ್ಲ, ಗೋಡೆಯನ್ನು! ಚಪ್ಪಲಿ ಬಿಟ್ಟವರೇ ಪಶ್ಚಿಮದ ಗೋಡೆ ಹುಡುಕಿಕೊಂಡು ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಅಂಗೈ ಊರುತ್ತಾರೆ. ಆಮೇಲೆ ಚಹಾ. ಗೋಡೆ ಬಿಸಿಯಿದ್ದರೆ ಆ ಮನೆಯ ಚಹಾ ಕೂಡ ಅವರಿಗೆ ರುಚಿಸುವುದಿಲ್ಲ.

ನನಗೆ ಹೆಣ್ಣು ನೋಡಲು ಗರಗಕ್ಕೆ ಹೋದಾಗಲೂ ಇದೇ ಆಯಿತು. ಹುಡುಗಿ ಉಪ್ಪಿಟ್ಟಿನ ತಾಟು ಹಿಡಿದು ಬಂದು ನಿಂತಿದ್ದಾಳೆ. ಕಾಕಾ ಮಣ್ಣಿನ ಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದಾರೆ! "ಎಷ್ಟ ದಪ್ಪ ಐತಿ ನೋಡೋ ತಮ್ಮಾ! ಕಣ್ಣ ಮುಚ್ಚಿ ಹೂಂ ಅನ್ನು," ಎಂದರು. ಅಂದೆ. "ನಿಮ್ಮ ಕಾಕಾ ಒಪ್ಪಿದ್ದು ನನ್ನ ಅಲ್ಲ, ನಮ್ಮಪ್ಪನ ಮನಿ ಗ್ವಾಡಿನ," ಎಂದು ನನ್ನ ಹೆಂಡತಿ ಇವತ್ತಿಗೂ ಜಗಳದಲ್ಲಿ ತೆಗೆಯುತ್ತಾಳೆ.

ಇದು ಹುಚ್ಚಲ್ಲ, ಅವರ ಕಸುಬು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಬಿಲ್ಡರುಗಳಿಗೆ ಮನೆಯ ಶಾಖದ ಲೆಕ್ಕ ಮಾಡಿಕೊಡುತ್ತಿದ್ದರು. ಹೊಸ ಅಪಾರ್ಟ್‌ಮೆಂಟುಗಳಿಗೆ ಈಗ ನಿಯಮವಿದೆಯಲ್ಲ: ಗೋಡೆ, ಕಿಟಕಿ, ಛಾವಣಿ ಹಾದು ಒಳಗೆ ನುಗ್ಗುವ ಶಾಖ ಇಂತಿಷ್ಟರೊಳಗೇ ಇರಬೇಕು. ಇನ್ನೂ ಕಟ್ಟದ ಮನೆಯ ಶಾಖ ಅಳೆಯುವುದು ಹೇಗೆ? ಮೊದಲು ಅದನ್ನು ಕಂಪ್ಯೂಟರಿನೊಳಗೆ ಕಟ್ಟಬೇಕು. ಇಟ್ಟಿಗೆ ಯಾವುದು, ಗಾಜು ಎಷ್ಟು, ಬಣ್ಣ ಎಂಥದು, ಕೋಣೆಯಲ್ಲಿ ಮಂದಿ ಎಷ್ಟು ಎಂದೆಲ್ಲ ಹೇಳಿ, ಅದರ ಮೇಲೆ ಮೇ ತಿಂಗಳ ಸೂರ್ಯನನ್ನು ಬಿಡಬೇಕು. ಮನೆ ಬೆಂದರೆ ಕಿಟಕಿಯ ಮೇಲೆ ಬಿಸಿಲು ತಡೆಯುವ ಛಜ್ಜಾ ಚಾಚಬೇಕು, ಗೋಡೆಗೆ ತಿಳಿಬಣ್ಣ ಬಳಿಯಬೇಕು, ಮತ್ತೆ ಸೂರ್ಯನನ್ನು ಬಿಡಬೇಕು. ಲೆಕ್ಕ ಪಾಸಾದರೆ ಪರವಾನಗಿ. ಸೂರ್ಯ ಕೂಡ ಕಾಕಾನ ಮಾತು ಕೇಳುತ್ತಿದ್ದ. ಬಿಲ್ಡರ್ ಮಾತ್ರ ಕೇಳಲಿಲ್ಲ.

ತಾವೇ ಪಾಸು ಮಾಡಿದ ಒಂದು ಕಟ್ಟಡದಲ್ಲಿ, ಸತ್ತೂರಿನ ಹತ್ತಿರ, ಕಾಕಾ ಮೇಲಿನ ಅಂತಸ್ತಿನ ಮನೆ ಕೊಂಡರು. ತನ್ನ ಕೈಯಡುಗೆಯನ್ನು ತಾನೇ ಉಣ್ಣದವನು ಎಂಥ ಅಡುಗೆಯವನು? ಒತ್ತಾಯ ಮಾಡಿ ನನಗೂ ಕೆಳಗೊಂದು ಮನೆ ಕೊಡಿಸಿದರು. ಕೀಲಿ ಕೈಗೆ ಬಂದ ದಿನ ಹೋಗಿ ಗೋಡೆಗೆ ಅಂಗೈ ಊರಿದರು, ಚುರುಕ್ಕೆಂದಿತು! ಛಜ್ಜಾ ಇಲ್ಲ. ತಿಳಿಬಣ್ಣದ ಜಾಗದಲ್ಲಿ ಕಾಫಿಪುಡಿಯ ಬಣ್ಣ.

"ಛಜ್ಜಾ ಹಾಕಿದ್ರ ಮುಂದಿನ ಎಲಿವೇಶನ್ ಕೆಡತೈತ್ರಿ ಸರ್," ಎಂದ ಬಿಲ್ಡರ್.

"ನಾ ಲೆಕ್ಕದಾಗ ಹಾಕಿದ್ನೆಲ್ಲೋ ಮಾರಾಯಾ!"

"ಲೆಕ್ಕ ಪಾಸ್ ಆಗೈತೆಲ್ರಿ. ನಿಮ್ಮ ಸಹಿನೂ ಐತಿ."

ಪರವಾನಗಿ ಕೊಟ್ಟ ಕಚೇರಿಗೆ ಹೋದರೆ, ಕಾಗದಪತ್ರ ಬರೋಬ್ಬರಿ ಇವೆ ಎಂದರು. "ಒಮ್ಮೆ ಬಂದು ಗ್ವಾಡಿ ಮುಟ್ಟಿ ನೋಡ್ರಿ," ಎಂದರು ಕಾಕಾ. "ಮುಟ್ಟೂದಕ್ಕ ಕಾಲಮ್ ಇಲ್ರಿ!" ಎಂದು ಉತ್ತರ ಬಂತು. ಗೇಟಿನ ಮೇಲೆ ಮಾತ್ರ 'ಹಸಿರು ವಸತಿ' ಎಂದು ಬೋರ್ಡು, ಪಕ್ಕದಲ್ಲೊಂದು ಎಲೆ. ಇಡೀ ಕಟ್ಟಡದಲ್ಲಿ ಹಸಿರಾಗಿರುವುದು ಅದೊಂದೇ, ಅದೂ ಪ್ಲಾಸ್ಟಿಕ್ಕಿನದು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಕಾಕಾನ ಹೆಂಡತಿ, ನಮ್ಮ ಕಾಕೂಗೆ ಲಕ್ವಾ ಹೊಡೆಯಿತು. ಮಂಚ, ಗಾಲಿಕುರ್ಚಿ, ಬಚ್ಚಲು ಎಲ್ಲ ಒಂದೆಡೆ ಹೊಂದಿದ್ದು ಆ ಪಶ್ಚಿಮದ ಕೋಣೆಯಲ್ಲೇ. ಸೆಕೆ ತಾಗಬಾರದು ಎಂದರು ಡಾಕ್ಟರು. ಏಸಿ ಹಚ್ಚಿದರೆ ಕಾಕೂಗೆ ಎಲುಬೆಲ್ಲ ನೋವು. ನಮ್ಮ ಮನೆಗೆ ಕರೆತರೋಣವೆಂದರೆ ನಮ್ಮದೂ ಅದೇ ಗೋಡೆ.

"ರೀ, ನಿಮ್ಮ ಕಂಪ್ಯೂಟರ್‌ನ್ಯಾಗಿನ ಮನ್ಯಾಗ ನನ್ನ ಒಯ್ದ ಮಲಗಸ್ರಿ," ಎಂದು ಕಾಕೂ ತೊದಲುತ್ತಲೇ ಅನ್ನುತ್ತಿದ್ದರು. "ಅಲ್ಲಿ ಭಾಳ ತಂಪ ಐತೆಂತಲ್ಲ!"

ಕಾಕಾ ನಗಲಿಲ್ಲ. ಆ ಕೋಣೆಯೊಂದನ್ನೇ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು, ಈ ಸಲ ಇದ್ದದ್ದು ಇದ್ದ ಹಾಗೆ. ಅಲ್ಲಿ ಒಂದು ಉಪಾಯ ಮಾಡಿ ನೋಡುವುದು, ತಂಪಾದರೆ ಇಲ್ಲಿ ಜಾರಿಗೆ ತರುವುದು. ಕಾಕೂನ ನೋಡಲು ಬಂದ ಬೀಗರನ್ನು ಬಾಗಿಲಲ್ಲೇ ತಡೆದರು! "ಮನುಷ್ಯಾ ಅಂದ್ರ ಹಳೇ ಬಲ್ಬ್ ಇದ್ದಂಗ, ಸುಮ್ಮ ಕುಂತ್ರೂ ಖೋಲಿ ಕಾಸ್ತಾನ. ಒಬ್ಬೊಬ್ರ ಒಳಗ ಹೋಗ್ರಿ, ಲಗೂ ಬರ್ರಿ!" ಮೈಕೈ ತುಂಬಿಕೊಂಡಿದ್ದ ಬೀಗರು ಅವಮಾನವಾಗಿ ಮೋಸಂಬಿಯ ಚೀಲ ವಾಪಸು ಒಯ್ದರು. ಕಾಕಾ ತಾವೂ ಒಳಗೆ ಕೂರುತ್ತಿರಲಿಲ್ಲ. ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು, ಅಲ್ಲಿಂದಲೇ ಹೆಂಡತಿಗೆ ಪೇಪರು ಓದಿ ಹೇಳುತ್ತಿದ್ದರು. ಕಂಪ್ಯೂಟರಿನ ಕೋಣೆಯಲ್ಲಿ 'ಮಂದಿ: ಒಂದು'.

ಆಮೇಲೆ ಕಾಕೂನ ಹಳೆಯ ಇಳಕಲ್ ಸೀರೆಗಳನ್ನು ನಾಲ್ಕು ಮಡಿಕೆ ಮಾಡಿ, ಬಿದಿರಿಗೆ ಬಿಗಿದು, ಕಿಟಕಿಯ ಹೊರಗೆ ಕಟ್ಟಿದರು. ಬಿಲ್ಡರ್ ಕೊಡದ ಛಜ್ಜಾ! ಕೋಣೆಗೆ ನೆರಳು ಬಂತು. ಬಹಳ ದಿನಗಳ ಮೇಲೆ ಕಾಕೂ ಮಧ್ಯಾಹ್ನ ಕಣ್ಣು ಮುಚ್ಚಿದರು.

ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಬಂದರು. "ಸರ್, ರೋಡಿನ ಕಡೆ ಸೀರಿ ಕಟ್ಟಬ್ಯಾಡ್ರಿ. ಬಿಲ್ಡಿಂಗಿನ ಚಂದ ಹೋಗತೈತಿ."

"ಚಂದ ನೋಡಾವ್ರು ಕೆಳಗ ನಿಂತಾರ್ರಿ. ನನ್ನ ಹೆಂಡ್ತಿ ಮ್ಯಾಲ ಮಲಗ್ಯಾಳ."

ನಿಯಮದಲ್ಲಿದ್ದ ನೆರಳನ್ನು ನುಂಗಿದವನು ಮುಂದಿನ ಕಟ್ಟಡಕ್ಕೆ ಪಾಯ ತೋಡುತ್ತಿದ್ದ. ಅದೇ ನೆರಳನ್ನು ಸೀರೆಯಲ್ಲಿ ಕಟ್ಟಿದವರಿಗೆ ನಿಯಮಭಂಗದ ನೋಟಿಸು! ಸಂಘದ ಸಭೆಯಲ್ಲಿ ನಾನು ಕೂಗಾಡಿದೆ. ಏಸಿ ಹಾಕಿಸಿಕೊಂಡ ಮಹನೀಯರೆಲ್ಲ ಕಟ್ಟಡದ ಚಂದಕ್ಕೇ ಕೈ ಎತ್ತಿದರು. ಕಾಕಾ ಔಷಧ ತರಲು ಹೋದಾಗ ಸಂಘದವರು ಸೀರೆಗಳನ್ನು ಬಿಚ್ಚಿಸಿದರು. ನೀಟಾಗಿ ಮಡಿಸಿ ಬಾಗಿಲಲ್ಲಿ ಇಟ್ಟುಹೋಗಿದ್ದರು ಅನ್ನಿ, ಸಂಸ್ಕಾರವಂತರು! ಕಾಕಾ ಮತ್ತೆ ಕಟ್ಟಿದರು, ಅವರು ಮತ್ತೆ ಬಿಚ್ಚಿಸಿದರು.

ಆ ಬೇಸಿಗೆ ಮುಗಿಯುವ ಮೊದಲೇ ಕಾಕೂ ಹೋದರು. ಸೆಕೆಯಿಂದಲೇ ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ. ಅದಕ್ಕೂ ಕಾಲಮ್ ಇರಲಿಕ್ಕಿಲ್ಲ. ಗೇಟಿನ ಆ ಎಲೆ ಕಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಮೊನ್ನೆ ಸಂಜೆ ಮೇಲೆ ಹೋದೆ. ಕಾಕಾ ಹೊಸ್ತಿಲು ದಾಟಿ ಒಳಗೆ, ಕಾಕೂನ ಮಂಚದ ಮೇಲೆ ಕೂತಿದ್ದರು. ತೊಡೆಯ ಮೇಲೆ ಲ್ಯಾಪ್‌ಟಾಪು, ತೆರೆಯ ಮೇಲೆ ಅದೇ ಕೋಣೆ. 'ಮಂದಿ: ಎರಡು' ಎಂದಿತ್ತು.

"ಕಾಕಾ, ಈಗ ಇಲ್ಲಿ ನೀವೊಬ್ರ ಅಲ್ರಿ?" ಎಂದೆ.

ಅವರು ಗೋಡೆಗೆ ಅಂಗೈ ಊರಿದರು.

"ಆಕಿನ್ನ ಲೆಕ್ಕದಾಗಿಂದ ತಗದ ನೋಡಿದ್ನೋ ತಮ್ಮಾ," ಎಂದರು. "ಅಷ್ಟ ಒದ್ದಾಡಿದ್ರೂ ಆಗದ್ದು, ಖೋಲಿ ತಟ್ಟನ ತಂಪಾತು. ಆ ತಂಪು ನನಗ ತಡೀಲಿಲ್ಲ. ಮತ್ತ ಹಾಕಿದೆ."